ಬೇಲ್ ಆಯ್ತು ಅಂದ್ರೆ ಯಾವತ್ತು?

ಕಳೆದ ವರ್ಷ ನಾನು ಒಂದು ಎಕ್ಸೆಲ್ ಶೀಟ್‌ನಲ್ಲಿ ಒಂದಿಷ್ಟು ತಾರೀಖುಗಳನ್ನು 'ಸರಿ' ಮಾಡಿದೆ. ಎರಡು ಸಂಜೆಯ ಕೆಲಸ. ಅವನ್ನು ಮತ್ತೆ ಮೊದಲಿದ್ದ ಹಾಗೆ ಮಾಡೋಕೆ ಎರಡೂವರೆ ತಿಂಗಳು ಹಿಡಿಯಿತು.

ನನ್ನ ಕೆಲಸ ಏನು ಅಂತ ಮನೆಯಲ್ಲೇ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಅಮ್ಮ 'ಕೋರ್ಟಲ್ಲಿ ಕೆಲಸ' ಅನ್ನುತ್ತಾರೆ. ಚಿಕ್ಕಪ್ಪ 'ಪೊಲೀಸ್ ಸರ್ವೆ' ಅನ್ನುತ್ತಾರೆ. ಬೆಂಗಳೂರಿನ ಒಂದು ಸಣ್ಣ ಸಂಶೋಧನಾ ತಂಡಕ್ಕೆ ಹಾಸನ ಜಿಲ್ಲೆಯಲ್ಲಿ ಫೀಲ್ಡ್ ಕೆಲಸ ಮಾಡುತ್ತೇನೆ, ಅಷ್ಟೇ. ಪೊಲೀಸ್, ಕೋರ್ಟು, ಜೈಲು ಇವುಗಳ ಬಗ್ಗೆ ಮಾಡಿದ ಕಾನೂನು ತಾಲ್ಲೂಕು ಮಟ್ಟದಲ್ಲಿ ನಿಜಕ್ಕೂ ಹೇಗೆ ನಡೆಯುತ್ತಿದೆ ಅಂತ ನೋಡಿ ಬರೆಯೋದು. ಆ ವರ್ಷ ನಮ್ಮ ಪ್ರಶ್ನೆ ಒಂದೇ ಇತ್ತು: ಸಣ್ಣ ಕೇಸಿನಲ್ಲಿ ಸಿಕ್ಕಿಕೊಂಡ ಬಡವರು ಜಾಮೀನು ಸಿಗುವವರೆಗೆ ಎಷ್ಟು ದಿನ ಒಳಗಿರುತ್ತಾರೆ?

ಇದು ಯಾಕೆ ಮುಖ್ಯ ಅಂದರೆ, ನಮ್ಮ ಜೈಲುಗಳಲ್ಲಿ ಇರುವವರಲ್ಲಿ ಜಾಸ್ತಿ ಜನ ಶಿಕ್ಷೆ ಆದವರಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಲ್ಲಿ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ನಾಲ್ಕರಲ್ಲಿ ಮೂರು ಜನ, ಕೇಸು ಇನ್ನೂ ತೀರ್ಮಾನ ಆಗದವರು. ಆದರೆ ಈ ಲೆಕ್ಕ ಡಿಸೆಂಬರ್ 31ರ ಒಂದು ದಿನದ್ದು. ಅವತ್ತು ಒಳಗಿದ್ದವರನ್ನು ಎಣಿಸುತ್ತಾರೆ. ಅಕ್ಟೋಬರ್‌ನಲ್ಲಿ 20 ದಿನ ಇದ್ದು ಹೋದವನು ಆ ಎಣಿಕೆಯಲ್ಲಿ ಇರೋದೇ ಇಲ್ಲ. ಡಿಸೆಂಬರ್ 31ಕ್ಕೆ ಒಳಗಿದ್ದು, ಇನ್ನೂ ಮೂರು ತಿಂಗಳು ಆಗದವನು '3 ತಿಂಗಳವರೆಗೆ' ಅನ್ನೋ ಒಂದೇ ಗುಂಪಿಗೆ ಬೀಳುತ್ತಾನೆ. 2 ದಿನವೂ ಅದರಲ್ಲೇ, 80 ದಿನವೂ ಅದರಲ್ಲೇ. ಅದಕ್ಕೇ ನಾವು ಒಂದೊಂದೇ ಕೇಸು ಹಿಡಿದು ಹೋಗೋಣ ಅಂತ ಹೊರಟಿದ್ದು. (ಸಕಲೇಶಪುರದ ಕಡೆ ಡಿಸೆಂಬರ್ 31 ಅಂದರೆ ಅರೇಬಿಕಾ ಕೊಯ್ಲು ಜೋರಾಗಿರೋ ಹೊತ್ತು. ಕಾಫಿ ಕಳ್ಳತನದ ದೂರುಗಳೂ ಅವಾಗಲೇ. ದೆಹಲಿಯಲ್ಲಿ ಕೂತು ದಿನ ಗೊತ್ತು ಮಾಡಿದವರಿಗೆ ಇದು ಹೊಳೆದಿರಲಿಕ್ಕಿಲ್ಲ.)

ಕೆಲಸ ಹೀಗಿತ್ತು. ಇ-ಕೋರ್ಟ್ಸ್ ವೆಬ್‌ಸೈಟಿನಿಂದ ಕೇಸಿನ ವಿವರ ತೆಗೆಯೋದು. ಆಮೇಲೆ ಮನೆಯವರನ್ನು ಹುಡುಕಿಕೊಂಡು ಹೋಗಿ ಕಾಗದದ ಫಾರಂ ತುಂಬಿಸೋದು. ಬಂಧನ ಆದ ದಿನ ಯಾವುದು, ಜಾಮೀನು ಆದ ದಿನ ಯಾವುದು, ಇತ್ಯಾದಿ. ನಡುವೆ 2024ರ ಜುಲೈ 1ರಿಂದ ಐಪಿಸಿ ಬದಲು ಹೊಸ ಕಾನೂನು (ಭಾರತೀಯ ನ್ಯಾಯ ಸಂಹಿತೆ, ಬಿಎನ್‌ಎಸ್) ಬಂದಿದ್ದರಿಂದ ಒಂದೇ ಥರದ ಕಳ್ಳತನಕ್ಕೆ ನನ್ನ ಶೀಟ್‌ನಲ್ಲಿ ಎರಡು ನಂಬರ್. ಹಳೇ ಕೇಸಿಗೆ ಐಪಿಸಿ 379, ಹೊಸದಕ್ಕೆ ಬಿಎನ್‌ಎಸ್ 303. ಕೆಲಸದ ಆಳು ಕದ್ದ ಅಂತಾದರೆ ಆಗ 381, ಈಗ 306. ಅದನ್ನು ಹೇಗೋ ಹೊಂದಿಸಿಕೊಂಡೆ.

ಎಸ್ಟೇಟ್ ಲೈನ್ ಮನೆಗಳಲ್ಲಿ (ತೋಟದ ಕಾರ್ಮಿಕರ ಸಾಲುಮನೆಗಳು) ಮೊದಲ ಪೆಟ್ಟು ತಿಂದೆ. ಫಾರಂನಲ್ಲಿ 'ರೈಟರು ನಿಮ್ಮ ಹತ್ತಿರ ಸಹಿ ಹಾಕಿಸಿಕೊಂಡರೇ?' ಅನ್ನೋ ಪ್ರಶ್ನೆ ಇತ್ತು. ನಾವು ಕೇಳಿದ್ದು ಪೊಲೀಸ್ ಸ್ಟೇಷನ್‌ನಲ್ಲಿ ಕಾಗದಪತ್ರ ಬರೆಯೋ ರೈಟರ ಬಗ್ಗೆ. ಎಲ್ಲರೂ 'ಹೂಂ, ವಾರಕ್ಕೊಂದ್ಸಲ' ಅಂತಿದ್ದರು. ವಾರಕ್ಕೊಂದು ಸಲ ಪೊಲೀಸರು ಸಹಿ ಹಾಕಿಸ್ತಾರಾ ಅಂತ ನನಗೆ ಗಾಬರಿ. ಅವರು ಹೇಳಿದ್ದು ಬಟವಾಡೆ ದಿನ, ಅಂದರೆ ವಾರದ ಕೂಲಿ ಕೊಡೋ ದಿನ, ಸಹಿ ಹಾಕಿಸಿಕೊಳ್ಳೋ ಎಸ್ಟೇಟ್ ರೈಟರ ಬಗ್ಗೆ! ಮಲೆನಾಡಿನಲ್ಲಿ ರೈಟರು ಅಂದರೆ ತೋಟದ ರೈಟರೇ. ಹಾಸನದ ಹುಡುಗಿಯಾಗಿ ನನಗೆ ಇದು ಹೊಳೆಯಬೇಕಿತ್ತು. ಈ ತಪ್ಪನ್ನು ಬೇಗ ಹಿಡಿದೆ. ಇದೇ ಥರದ ಇನ್ನೊಂದನ್ನು ಹಿಡಿಯಲಿಲ್ಲ.

ಶೀಟ್‌ಗೆ ತುಂಬುವಾಗ ನೋಡಿದೆ: ಜಾಮೀನು ಆದ ದಿನ ಅಂತ ಮನೆಯವರು ಹೇಳಿದ ತಾರೀಖಿಗೂ ಕೋರ್ಟಿನ ದಾಖಲೆಗೂ ತಾಳೆ ಆಗುತ್ತಿಲ್ಲ. ಒಂದು ಕಡೆ 6 ದಿನ ವ್ಯತ್ಯಾಸ, ಇನ್ನೊಂದು ಕಡೆ 2 ದಿನ, ಮತ್ತೊಂದು ಕಡೆ 19 ದಿನ. ನನಗೆ ತಕ್ಷಣ ಅನ್ನಿಸಿದ್ದು, ಪಾಪ ಓದು ಬರಹ ಇಲ್ಲದವರು, ತಾರೀಖು ಮರೆತಿದ್ದಾರೆ ಅಂತ. ಕೋರ್ಟಿನ ದಾಖಲೆ ಇರುವಾಗ ಬಾಯಿಮಾತು ಯಾಕೆ? ಮನೆಯವರ ತಾರೀಖು ಅಳಿಸಿ ಕೋರ್ಟಿನ ತಾರೀಖು ಹಾಕಿದೆ. ಎರಡು ಸಂಜೆ ಅಂದೆನಲ್ಲ, ಅದು ಇದೇ. ಶೀಟ್ ಅಚ್ಚುಕಟ್ಟಾಯಿತು. ಖುಷಿಯಿಂದ ಬೆಂಗಳೂರಿಗೆ ಕಳಿಸಿದೆ.

ಆಗ ಕಣ್ಣಿಗೆ ಬೀಳಬೇಕಾಗಿದ್ದ ಒಂದು ಸಂಗತಿ ಇತ್ತು. ಮರೆತು ಹೇಳೋ ತಾರೀಖು ಒಮ್ಮೆ ಹಿಂದೆ ಹೋಗುತ್ತದೆ, ಒಮ್ಮೆ ಮುಂದೆ. ಇಲ್ಲಿ ಒಂದೂ ಹಿಂದೆ ಇರಲಿಲ್ಲ. ಎಲ್ಲವೂ ಕೋರ್ಟಿನ ತಾರೀಖಿಗಿಂತ ಈಚೆಗೇ ಇದ್ದವು.

ವರದಿ ಬರೆಯೋ ಮುಂಚೆ ಹಾಸನದಲ್ಲಿ ಒಂದು ಸಣ್ಣ ಸಭೆ ಇಟ್ಟುಕೊಂಡಿದ್ದೆವು. ಕೆಲವು ವಕೀಲರು, ಕಾನೂನು ಸೇವೆಯ ಸ್ವಯಂಸೇವಕರು, ಒಟ್ಟು ಹದಿನೈದು ಜನ. ನಾನು ಗೋಡೆ ಮೇಲೆ ಸ್ಲೈಡ್ ಹಾಕಿ ವಿವರಿಸಿದೆ. ಒಂದು ಸ್ಲೈಡ್‌ನಲ್ಲಿ ಹೆಸರಿಲ್ಲದೆ ಒಂದು ಉದಾಹರಣೆ: ಎಸ್ಟೇಟ್ ಕಾರ್ಮಿಕ, ಕಣದಲ್ಲಿದ್ದ ಎರಡು ಮೂಟೆ ಕಾಫಿ ಕದ್ದ ಆರೋಪ, 11 ದಿನಕ್ಕೆ ಜಾಮೀನು. ಟೀ ಬ್ರೇಕ್‌ನಲ್ಲಿ ವಕೀಲರೊಬ್ಬರ ಜೊತೆ ಬಂದಿದ್ದ ವಯಸ್ಸಾದ ಗುಮಾಸ್ತರು ಪಕ್ಕಕ್ಕೆ ಕರೆದರು.

"ಮೇಡಂ, ಆ ಎರಡು ಮೂಟೆ ಕೇಸು ನಮ್ದೇ. ಹನ್ನೊಂದು ದಿನಕ್ಕೆ ಆಚೆ ಬಂದ ಅಂತ ಯಾರು ಹೇಳಿದ್ರು?"

"ಕೋರ್ಟ್ ರೆಕಾರ್ಡ್‌ನಲ್ಲೇ ಇದೆಯಲ್ಲ ಅಣ್ಣ."

"ಹನ್ನೊಂದನೇ ದಿನಕ್ಕೆ ಆರ್ಡರ್ ಆಯ್ತು. ಶೂರಿಟಿ ಹಾಕೋರನ್ನ ಹುಡುಕಿ ಹುಡುಕಿ ನಮ್ಮ ಕಾಲು ಬಿದ್ದೋಯ್ತು. ಅದು ಎಲ್ಲಿ ಬರ್ದಿದ್ದೀರಿ?"

ಎಲ್ಲೂ ಬರೆದಿರಲಿಲ್ಲ. ಬರೆದಿದ್ದನ್ನು ಅಳಿಸಿದ್ದೆ.

ವಕೀಲರ ಬಾಯಲ್ಲಿ 'ಬೇಲ್ ಆಯ್ತು' ಅಂದರೆ ಆದೇಶ ಆಯಿತು ಅಂತ. ಮನೆಯವರ ಬಾಯಲ್ಲಿ 'ಬೇಲ್ ಆಯ್ತು' ಅಂದರೆ ಮನುಷ್ಯ ಮನೆಗೆ ಬಂದ ಅಂತ. ಎರಡು ತಾರೀಖೂ ಸರಿಯಾಗೇ ಇದ್ದವು. ನಾನು ತಪ್ಪು ಅಂದುಕೊಂಡು ಒರೆಸಿಹಾಕಿದ ಆ 19 ದಿನವೇ ನಾವು ಹುಡುಕುತ್ತಿದ್ದ ವಿಷಯ.

ಆ ಕೇಸನ್ನು ಮತ್ತೆ ಮೊದಲಿಂದ ಕೇಳಿಕೊಂಡೆ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿ ಹೇಳುತ್ತೇನೆ. ಅವನು ಕದ್ದಿದ್ದನೋ ಇಲ್ಲವೋ ಅದು ಕೋರ್ಟು ಹೇಳಬೇಕಾದ್ದು. ಒಂದು ಗುರುವಾರ ಜಾಮೀನು ಆದೇಶ ಆಯಿತು. ಒಬ್ಬ ಜಾಮೀನುದಾರ (ಶೂರಿಟಿ ಅನ್ನೋದು ಇದಕ್ಕೇ), 50,000 ರೂಪಾಯಿಯ ಬಾಂಡ್. ಜಾಮೀನುದಾರ ಅಂದರೆ ಆಧಾರ್ ಜೊತೆ ಪಹಣಿ (ಜಮೀನು ಯಾರದು ಅನ್ನೋ ದಾಖಲೆ) ತರಬೇಕು ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಲೈನ್ ಮನೆಯಲ್ಲಿ ಇರೋರಿಗೆ ಎಲ್ಲಿಯ ಪಹಣಿ? ತೋಟದಲ್ಲಿ ಬೇರೆ ಯಾರನ್ನಾದರೂ ಕೇಳೋಣ ಅಂದರೆ ದೂರು ಕೊಟ್ಟವರೇ ಸಾಹುಕಾರ್ರು. ಅವರ ವಿರುದ್ಧ ಯಾರು ಬಂದು ಸಹಿ ಹಾಕುತ್ತಾರೆ?

ಹೆಂಡತಿ ಮೊದಲು ತಮ್ಮನ ಹತ್ತಿರ ಹೋದಳು. ಅವನಿಗೆ ಜಮೀನಿದೆ, ಇಪ್ಪತ್ತು ವರ್ಷದಿಂದ ಮೆಣಸು ಬೆಳೆಯುತ್ತಿದ್ದಾನೆ. ಆದರೆ ಅದು ಬಗರ್ ಹುಕುಂ, ಅಂದರೆ ಮಂಜೂರಾಗದೆ ಸಾಗುವಳಿ ಮಾಡುತ್ತಿರೋ ಸರ್ಕಾರಿ ಜಮೀನು. ಅವನ ಕೈಯಲ್ಲಿರೋದು ಸಕ್ರಮ ಮಾಡಿ ಅಂತ ಕೊಟ್ಟ ಫಾರಂ 57ರ ಅರ್ಜಿಯ ರಸೀದಿ. ರಸೀದಿ ಇಟ್ಟುಕೊಂಡು ಶೂರಿಟಿ ಆಗಲ್ಲ. ಆಮೇಲೆ ಅರಕಲಗೂಡಿನ ಕಡೆ ಸೋದರಮಾವ. ಅವರಿಗೆ 30 ಗುಂಟೆ ಹೊಲ ಇದೆ. ಪಹಣಿ ತೆಗೆಸಿದರೆ ಮಾಲೀಕರ ಹೆಸರಿರೋ ಕಾಲಂ 9ರಲ್ಲಿ ತೀರಿಹೋದ ಅಪ್ಪನ ಹೆಸರು. ಪೌತಿ ಖಾತೆ (ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡೋದು) ಆಗಿಲ್ಲ, ಅಣ್ಣತಮ್ಮಂದಿರ ಜಗಳ. ಅದೂ ಆಗಲಿಲ್ಲ. ಕೊನೆಗೆ ಸಿಕ್ಕಿದ್ದು ಗಂಡನ ಷಡ್ಡಕ. ಪಹಣಿ ಅವನ ಹೆಸರಿನಲ್ಲೇ ಇತ್ತು. ಕಾಲಂ 11ರಲ್ಲಿ ಸೊಸೈಟಿ ಸಾಲ ಕಾಣಿಸುತ್ತಿತ್ತು, ಆದರೂ ನೋಡೋಣ ಅಂದರು ವಕೀಲರು. ಷಡ್ಡಕ ಬರಲ್ಲ ಅನ್ನಲಿಲ್ಲ. "ರಾಗಿ ಕಣ ಮುಗಿಸ್ಕೊಂಡು ಬರ್ತೀನಿ" ಅಂದ. ಮಳೆ ಬಂದರೆ ವರ್ಷದ ಅನ್ನ ಹೋಗುತ್ತೆ, ಅವನನ್ನು ಬೈಯೋಕೂ ಆಗಲ್ಲ ಅಲ್ವಾ? ಪಹಣಿ ಮೇಲೆ ಕೋರ್ಟಿನ ಸೀಲ್ ಬಿದ್ದರೆ ಮುಂದೆ ಸಾಲ ಸಿಗಲ್ವೇನೋ ಅನ್ನೋ ಹೆದರಿಕೆ ಬೇರೆ ಅವನಿಗೆ. ಕಣ ಮುಗಿಯಿತು, ಬಂದ. ಅವತ್ತು ಮ್ಯಾಜಿಸ್ಟ್ರೇಟರು ರಜೆ. ಎರಡು ದಿನ ಬಿಟ್ಟು ಸೋಮವಾರ ಮತ್ತೆ ಬಂದ. ಶೂರಿಟಿ ಒಪ್ಪಿಕೊಂಡಾಗ ಸಂಜೆಯಾಗಿತ್ತು. ಬಿಡುಗಡೆ ಆದೇಶ ಜೈಲು ಮುಟ್ಟುವಷ್ಟರಲ್ಲಿ ಲಾಕಪ್ ಆಗಿತ್ತು, ಅಂದರೆ ಕೈದಿಗಳನ್ನು ರಾತ್ರಿಗೆ ಒಳಗೆ ಹಾಕಿ ಬೀಗ ಹಾಕಿಯಾಗಿತ್ತು. ಗಂಡ ಮಂಗಳವಾರ ಬೆಳಿಗ್ಗೆ ಆಚೆ ಬಂದ. ಒಟ್ಟು 30 ದಿನ. ನನ್ನ ಸ್ಲೈಡ್‌ನಲ್ಲಿ 11.

ಇಲ್ಲಿ ಯಾರನ್ನು ದೂರೋಣ? ಆದೇಶ ಬೇಗನೇ ಆಗಿತ್ತು. ಜೈಲಿನವರು ಕಾಗದ ಬಂದ ಬೆಳಿಗ್ಗೆಯೇ ಬಿಟ್ಟರು. ನಾನು ಅಪರಾಧ ನ್ಯಾಯದ ಬಗ್ಗೆ ಓದಿಕೊಂಡು ಹೋದವಳು. ಆಮೇಲಿನ ವಾರಗಳಲ್ಲಿ ಜಾಸ್ತಿ ಹೊತ್ತು ನಿಂತಿದ್ದು ತಾಲ್ಲೂಕು ಕಚೇರಿಯ ಪಹಣಿ ಕೌಂಟರಿನ ಸಾಲಿನಲ್ಲಿ. ಪೌತಿ ಖಾತೆ ಬಾಕಿ, ಬಗರ್ ಹುಕುಂ ಅರ್ಜಿ ಬಾಕಿ, ಜಂಟಿ ಖಾತೆ. ಇವೆಲ್ಲ ಕಂದಾಯ ಇಲಾಖೆಯ ಸಮಸ್ಯೆ ಅಂತ ನಾವು ಓದುತ್ತೇವೆ. ಜೈಲಿನಲ್ಲಿ ಒಬ್ಬ ಎಷ್ಟು ದಿನ ಇರಬೇಕು ಅನ್ನೋದಕ್ಕೂ ಅದಕ್ಕೂ ಸಂಬಂಧ ಇದೆ ಅಂತ ನಮ್ಮ ಫಾರಂ ಮಾಡಿದ ಯಾರಿಗೂ ಹೊಳೆದಿರಲಿಲ್ಲ, ನನಗೂ ಸೇರಿ.

ಸುಪ್ರೀಂ ಕೋರ್ಟಿಗೆ ಇದು ಹೊಸದೇನಲ್ಲ. 1978ರ ಮೋತಿ ರಾಮ್ ಪ್ರಕರಣದಲ್ಲಿ ಮಧ್ಯಪ್ರದೇಶದ ಒಬ್ಬ ಬಡ ಗಾರೆ ಕೆಲಸದವನಿಗೆ ಜಾಮೀನು ಸಿಕ್ಕಿತ್ತು. ಆದರೆ ಕೆಳಗಿನ ಕೋರ್ಟು 10,000 ರೂಪಾಯಿ ಶೂರಿಟಿ ಕೇಳಿತ್ತು. ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಆ ಶೂರಿಟಿಯನ್ನು ಒಪ್ಪಿರಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ಖಂಡಿಸಿ ಬರೆದರು. 2023ರ ಜನವರಿ 31ರ ಆದೇಶದಲ್ಲಿ ಮತ್ತೆ ಅದೇ ಮಾತು ಬಂತು. ಸ್ಥಳೀಯ ಜಾಮೀನುದಾರನೇ ಬೇಕು ಅನ್ನೋ ಷರತ್ತಿನಿಂದ ಬಿಡುಗಡೆ ತಡ ಆಗುತ್ತಿದೆ, ಅಂಥ ಕಡೆ ಆ ಷರತ್ತು ಬೇಡ ಅಂತ. ಜಾಮೀನು ಸಿಕ್ಕ 7 ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಸೂಪರಿಂಟೆಂಡೆಂಟರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಲ್ಲೂ ಬಾಂಡ್ ಕೊಡಲು ಆಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವುದನ್ನು ಯೋಚಿಸಬಹುದು. ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳಿಗೆ ನೆರವಿನ ಯೋಜನೆ ತಂದಿತು. ಆಗ ವಿಚಾರಣಾಧೀನರಿಗೆ 40,000 ರೂಪಾಯಿವರೆಗೆ ಅಂತ ಇತ್ತು. ಒಳ್ಳೇದೇ. ಆದರೆ ಆ ಹೆಂಗಸು ಅಲೆದಿದ್ದು ದುಡ್ಡಿಗಾಗಿ ಅಲ್ಲ, ಪಹಣಿ ಇರೋ ಒಬ್ಬ ಮನುಷ್ಯನಿಗಾಗಿ. ಶೂರಿಟಿ ಬದಲು ದುಡ್ಡು ಕಟ್ಟಿಸಿಕೊಳ್ಳಲು ಕೋರ್ಟು ಒಪ್ಪಿದರೆ ಮಾತ್ರ ಆ ನೆರವು ಅವಳ ಕೆಲಸಕ್ಕೆ ಬರುತ್ತೆ.

ನಮ್ಮ ಶೀಟಿನ ವಿಷಯಕ್ಕೆ ಬರ್ತೀನಿ. ಬೆಂಗಳೂರಿಗೆ ಫೋನ್ ಮಾಡಿ ಇರೋದನ್ನು ಇದ್ದ ಹಾಗೆ ಹೇಳಿದೆ. ಬೈಗುಳಕ್ಕೆ ರೆಡಿಯಾಗಿದ್ದೆ. ನಮ್ಮ ಮುಖ್ಯಸ್ಥೆ ಕೇಳಿದ್ದು ಒಂದೇ: "ಮೊದಲಿನ ಫೈಲ್ ಇದೆಯಾ?" ಇರಲಿಲ್ಲ. ಅದೇ ಫೈಲ್ ಮೇಲೆ ಸೇವ್ ಮಾಡಿದ್ದೆ. ಕಾಗದದ ಫಾರಂಗಳು ಮಾತ್ರ ನಮ್ಮ ಮನೆಯ ಅಟ್ಟದ ಮೇಲೆ ರಟ್ಟಿನ ಡಬ್ಬದಲ್ಲಿದ್ದವು. ಅಮ್ಮ ಹಳೇ ಪೇಪರ್‌ನವನಿಗೆ ಹಾಕೋಣ ಅಂತ ಎರಡು ಸಲ ಕೇಳಿದ್ದರು. ಸೋಮಾರಿತನದಿಂದ ಇಳಿಸಿಕೊಟ್ಟಿರಲಿಲ್ಲ. ನನ್ನ ಸೋಮಾರಿತನ ನನ್ನ ಕೈ ಹಿಡಿದಿದ್ದು ಅದೊಂದೇ ಸಲ.

ಈಗ ನಮ್ಮ ಶೀಟ್‌ನಲ್ಲಿ ನಾಲ್ಕು ತಾರೀಖು ಇವೆ: ಬಂಧನ, ಆದೇಶ, ಶೂರಿಟಿ ಒಪ್ಪಿದ್ದು, ಆಚೆ ಬಂದಿದ್ದು. ಮೊದಲು ತುಂಬಿದ ಶೀಟ್‌ಗೆ ಬೀಗ ಹಾಕಿ ಇಡುತ್ತೇವೆ. ತಿದ್ದೋದಿದ್ದರೆ ಪಕ್ಕದ ಕಾಲಂನಲ್ಲಿ, ಯಾಕೆ ಅಂತ ಬರೆದು. ಒಂದು ಪ್ರಶ್ನೆಯನ್ನೂ ಸೇರಿಸಿದ್ದೇವೆ: 'ಆರ್ಡರ್ ಆದ ಮೇಲೆ ಯಾರ್‍ಯಾರ ಹತ್ತಿರ ಹೋಗಿದ್ರಿ?' ಇದಕ್ಕೆ ಉತ್ತರ ಬರೆಯೋಕೆ ಫಾರಂನಲ್ಲಿ ಅರ್ಧ ಪುಟ ಬಿಟ್ಟಿದ್ದೆವು, ಸಾಲದೆ ಹಿಂಬದಿಯಲ್ಲೂ ಬರೆಯುತ್ತೇವೆ.

ಹಳೇ ಮನೆಗಳಿಗೆಲ್ಲ ಇನ್ನೊಂದು ಸುತ್ತು ಹೋದೆ. ಹಾಸನದಿಂದ ಸಕಲೇಶಪುರ 40 ಕಿಲೋಮೀಟರ್, ಅಲ್ಲಿಂದ ಆಟೋ, ಆಮೇಲೆ ನಡಿಗೆ. ಆ ಎರಡು ಮೂಟೆಯವನ ಹೆಂಡತಿ ಲೈನ್ ಮನೆ ಮುಂದೆ ಪಾತ್ರೆ ತೊಳೆಯುತ್ತಿದ್ದಳು. ತಾರೀಖು ಕೇಳಿದೆ. ಅವಳು ಕ್ಯಾಲೆಂಡರ್ ನೋಡಲಿಲ್ಲ. ಬೆರಳು ಮಡಿಸಿ ಎಣಿಸಿದಳು.

"ಅವ್ರು ಒಳಗಿದ್ದಾಗ ನಾಲ್ಕು ಬಟವಾಡೆ ತಪ್ತು ಅಕ್ಕ. ನಾಲ್ಕನೇ ಬಟವಾಡೆ ಆಗಿ, ಸೋಮವಾರ ಕಳ್ದು, ಮಂಗಳವಾರ ಬಂದ್ರು."

ತೋಟದ ಚೆಕ್‌ರೋಲ್ (ಹಾಜರಿ, ಕೂಲಿ ಬರೆಯೋ ಪುಸ್ತಕ) ಜೊತೆ ಇಟ್ಟು ನೋಡಿದರೂ ಅದೇ ದಿನ ಬರುತ್ತಿತ್ತು. ಫಾರಂನಲ್ಲಿ ಬರೆದುಕೊಳ್ಳುತ್ತಿದ್ದೆ. ಅವಳು ಕೈ ಒರೆಸಿಕೊಂಡು ನನ್ನನ್ನೇ ನೋಡಿದಳು.

"ಹೋದ್ಸಲ ಬಂದಾಗ್ಲೂ ಇದನ್ನೇ ಹೇಳಿದ್ನಲ್ಲಕ್ಕ. ಬರ್ಕೊಂಡಿರ್ಲಿಲ್ವಾ?"

"ಬರ್ಕೊಂಡಿದ್ದೆ" ಅಂದೆ. ಅಷ್ಟೇ ಹೇಳಿ ಟೀ ಲೋಟ ತಗೊಂಡೆ.