ಬಲಗಣ್ಣು ಉರಿಯದೇ ಹೋದಾಗ

ನಮ್ಮದು ಶಿಡ್ಲಘಟ್ಟ. ಮನೆಯ ಹಿಂದೆಯೇ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಶೆಡ್. ಬಿಸಿನೀರಿನಲ್ಲಿ ಗೂಡು ಬೇಯುವ ಹಬೆ, ಒಲೆಯ ಹೊಗೆ, ಹುಳುವಿನ ವಾಸನೆ, ಎಲ್ಲ ಒಟ್ಟಿಗೆ ಕಣ್ಣಿಗೆ ಹೊಡೆಯುತ್ತವೆ. ಮದುವೆಯಾಗಿ ಬಂದಾಗಿನಿಂದ ಶೆಡ್ಡಿಗೆ ಕಾಲಿಟ್ಟ ಐದು ನಿಮಿಷಕ್ಕೆ ನನ್ನ ಎರಡೂ ಕಣ್ಣಲ್ಲಿ ನೀರು ಇಳಿಯುತ್ತಿತ್ತು. 2020ರ ಕೊನೆಯಲ್ಲಿ ಒಂದು ದಿನ ನೋಡಿದರೆ ಎಡಗಣ್ಣು ಮಾತ್ರ ಉರಿಯುತ್ತಿದೆ, ಬಲಗಣ್ಣು ಸುಮ್ಮನಿದೆ. ಒಂದು ಕಣ್ಣಾದರೂ ಹಬೆಗೆ ಒಗ್ಗಿಕೊಂಡಿತಲ್ಲ ಅಂತ ಖುಷಿಪಟ್ಟೆ.

ಆ ಖುಷಿಯನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶುರುವಾಗಿದ್ದು 2016ರಲ್ಲಿ. ಹಲ್ಲುಜ್ಜುವಾಗ ಬಲ ದವಡೆಗೆ ಕರೆಂಟ್ ಹೊಡೆದ ಹಾಗಾಯಿತು. ಒಂದೆರಡು ಸೆಕೆಂಡ್ ಅಷ್ಟೇ. ಆಮೇಲೆ ಮುಖ ತೊಳೆದರೆ, ಮಾತಾಡಿದರೆ, ಚಳಿಗಾಲದಲ್ಲಿ ನಂದಿ ಬೆಟ್ಟದ ಕಡೆಯ ಗಾಳಿ ಕೆನ್ನೆಗೆ ಸೋಕಿದರೆ ಸಾಕು, ಛಟ್ ಅಂತ ಹೊಡೆಯುತ್ತಿತ್ತು. ಹಲ್ಲಿನ ನೋವು ಅಂದುಕೊಂಡು ಎರಡು ದವಡೆ ಹಲ್ಲು ಕೀಳಿಸಿದೆ. ಎರಡೂ ಚೆನ್ನಾಗಿದ್ದ ಹಲ್ಲುಗಳೇ. ಈ ಕಾಯಿಲೆಯಲ್ಲಿ ಹೀಗೆ ಹಲ್ಲು ಕಳೆದುಕೊಂಡವರು ಬಹಳ ಜನ ಇದ್ದಾರೆ. ಕೊನೆಗೆ ನರರೋಗದ ಡಾಕ್ಟರು ಹೆಸರು ಹೇಳಿದರು: ಟ್ರೈಜೆಮಿನಲ್ ನ್ಯೂರಾಲ್ಜಿಯ, ಅಂದರೆ ಮುಖದ ನರದ ನೋವು. ಕಾರ್ಬಮಜೆಪಿನ್ ಮಾತ್ರೆ ಎರಡು ವರ್ಷ ಕಾಪಾಡಿತು. ಡೋಸ್ ಏರಿಸುತ್ತಾ ಹೋದ ಹಾಗೆ ತಲೆ ಸುತ್ತು, ತೂಕಡಿಕೆ. ರಕ್ತದಲ್ಲಿ ಸೋಡಿಯಂ ಇಳಿದು ಒಮ್ಮೆ ಅಡುಗೆಮನೆಯಲ್ಲೇ ಬಿದ್ದೆ.

ಕಿವಿಯ ಹಿಂದೆ ತಲೆಬುರುಡೆ ತೆರೆದು, ನರವನ್ನು ಒತ್ತುತ್ತಿರುವ ರಕ್ತನಾಳವನ್ನು ಸರಿಸುವ ಆಪರೇಷನ್ ಒಂದಿದೆ. ಸಕ್ಕರೆ ಕಾಯಿಲೆ ಇದ್ದ ನನಗೆ ಅದರ ಹೆಸರು ಕೇಳಿಯೇ ಕೈಕಾಲು ತಣ್ಣಗಾಯಿತು. ಗಾಮಾ ನೈಫ್ ಒಪ್ಪಿಕೊಂಡೆ. ಹೆಸರಲ್ಲಿ ಚಾಕು ಇದೆ, ಆದರೆ ಕೊಯ್ಯುವುದೇನೂ ಇಲ್ಲ. ಸುಮಾರು ಇನ್ನೂರು ಕೋಬಾಲ್ಟ್ ಮೂಲಗಳಿಂದ ಹೊರಟ ಸಣ್ಣ ವಿಕಿರಣದ ಕಿರಣಗಳು ತಲೆಯೊಳಗೆ ಒಂದೇ ಬಿಂದುವಿನಲ್ಲಿ ಸೇರುತ್ತವೆ. ಒಂದೊಂದು ಕಿರಣ ದುರ್ಬಲ, ಸೇರಿದ ಜಾಗದಲ್ಲಿ ಮಾತ್ರ ಬಲ ಜಾಸ್ತಿ. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ ಎಂಬ ಸರ್ಜನ್ 1951ರಲ್ಲಿ ಈ ದಾರಿ ತೋರಿಸಿದರು. ಅವರ ಮೊದಲ ಗಾಮಾ ಯಂತ್ರ ಬಂದದ್ದು 1960ರ ದಶಕದ ಕೊನೆಯಲ್ಲಿ. ವಾಸಿಯಾಗದ ನೋವನ್ನು ಚಾಕುವಿಲ್ಲದೆ ತೆಗೆಯಬೇಕು ಅನ್ನುವುದು ಅವರ ಆಸೆಗಳಲ್ಲಿ ಒಂದಾಗಿತ್ತು. ಅವರ ಬಗ್ಗೆ ನನಗೆ ಇವತ್ತಿಗೂ ಗೌರವವಿದೆ.

2019ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಾಡಿಸಿಕೊಂಡೆ. ತಲೆಗೆ ನಾಲ್ಕು ಸ್ಕ್ರೂ ಹಾಕಿ ಫ್ರೇಮ್ ಕಟ್ಟಿದರು, ಎಂಆರ್‌ಐ ತೆಗೆದರು, ಸುಮಾರು ಒಂದು ಗಂಟೆ ಮಷಿನ್ನಿನಲ್ಲಿ ಮಲಗಿಸಿದರು. 80 ಗ್ರೇ ಡೋಸ್ (ಗ್ರೇ ಅಂದರೆ ವಿಕಿರಣದ ಅಳತೆ). ಮರುದಿನ ದೇವನಹಳ್ಳಿ, ವಿಜಯಪುರದ ಮೇಲೆ ಬಸ್ಸಿನಲ್ಲೇ ಮನೆಗೆ ಬಂದೆ. ಏಳನೇ ವಾರ ಕರೆಂಟ್ ನಿಂತಿತು. ಅವತ್ತು ನಾನು ಕೆನ್ನೆಗೆ ಗಟ್ಟಿಯಾಗಿ ಅರಿಶಿನ ಹಚ್ಚಿ ತಿಕ್ಕಿ ತೊಳೆದುಕೊಂಡೆ. ಮೂರು ವರ್ಷದ ಮೇಲೆ ಮೊದಲ ಸಲ. ಅತ್ತುಬಿಟ್ಟೆ.

ಫಾಲೋಅಪ್‌ಗೆ ಹೋದಾಗಲೆಲ್ಲ ಒಂದೇ ಪ್ರಶ್ನೆ: "ನೋವಿದೆಯಾ?" "ಇಲ್ಲ ಸಾರ್." "ವೆರಿ ಗುಡ್." ಎರಡೇ ನಿಮಿಷ.

ನಿಜಕ್ಕೂ ನೋವಿರಲಿಲ್ಲ. ಆದರೆ ಬೇರೆ ಏನೇನೋ ನಡೆಯುತ್ತಿತ್ತು. ಹತ್ತು ತಿಂಗಳಾದ ಮೇಲೆ ತುಟಿಯ ಬಲತುದಿ ಜುಮ್ಮೆನ್ನತೊಡಗಿತು. ಆಮೇಲೆ ಕೆನ್ನೆಗೆ ಜೋಮು ಹಿಡಿದು, ಬರಬರುತ್ತಾ ಮರಗಟ್ಟಿತು. ಅವರೆಕಾಯಿ ಕಾಲದಲ್ಲಿ ಊಟವಾಗಿ ಎಷ್ಟೋ ಹೊತ್ತಿನ ಮೇಲೆ ಕನ್ನಡಿ ನೋಡಿದರೆ ಬಲಗೆನ್ನೆಯೊಳಗೆ ಅವರೆಕಾಳಿನ ಸಿಪ್ಪೆ ಹಾಗೇ ಉಳಿದಿರುತ್ತಿತ್ತು. ಕೆನ್ನೆಯ ಒಳಭಾಗ ಕಚ್ಚಿಕೊಂಡು ರಕ್ತ ಬಂದರೂ ಗೊತ್ತಾಗುತ್ತಿರಲಿಲ್ಲ. ಮೊಮ್ಮಗ ಬಂದು ಕೆನ್ನೆಗೆ ಕೆನ್ನೆ ಒತ್ತಿದರೆ ಅವನ ತೂಕ ತಿಳಿಯುತ್ತಿತ್ತು, ಅವನ ಕೆನ್ನೆ ತಿಳಿಯುತ್ತಿರಲಿಲ್ಲ. ಇದನ್ನೆಲ್ಲ ಡಾಕ್ಟರಿಗೆ ಹೇಳಬೇಕು ಅಂತ ಅನ್ನಿಸಲೇ ಇಲ್ಲ. ಆ ನೋವು ತಿಂದವಳಿಗೆ ಜೋಮು ಒಂದು ಲೆಕ್ಕವಾ? ಅವರೂ ಕೇಳಲಿಲ್ಲ.

2021ರ ಫೆಬ್ರವರಿಯಲ್ಲಿ ಮಗ ಊಟಕ್ಕೆ ಕೂತವನು ಕೈ ತಡೆದು, "ಅಮ್ಮಾ, ಕಣ್ಣು ನೋಡು ಹೇಗಾಗಿದೆ" ಅಂದ. ಬಲಗಣ್ಣು ಕೆಂಡದ ಹಾಗೆ ಕೆಂಪಾಗಿತ್ತು, ಕಪ್ಪುಗುಡ್ಡೆಯ ಮೇಲೆ ಬೆಳ್ಳಗೆ ಮಸುಕು. ನನಗೆ ಏನೂ ಅನ್ನಿಸುತ್ತಿರಲಿಲ್ಲ. ಕಣ್ಣಿನ ಡಾಕ್ಟರು ಹತ್ತಿಯ ಎಳೆಯೊಂದನ್ನು ಕಣ್ಣುಗುಡ್ಡೆಗೆ ಮುಟ್ಟಿಸಿದರು. ಎಡಗಣ್ಣು ತಟ್ಟನೆ ಮುಚ್ಚಿತು. ಬಲಗಣ್ಣು ಮಿಟುಕಲಿಲ್ಲ. ಕಾರ್ನಿಯಾದ ಮೇಲೆ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆಯ ಮೇಲೆ, ಹುಣ್ಣಾಗಿತ್ತು.

ಅವರು ಒಂದು ಚೀಟಿಯ ಮೇಲೆ ಚಿತ್ರ ಬಿಡಿಸಿ ತಿಳಿಸಿದರು. ಮುಖದ ಈ ನರ ಮೂರು ಕವಲಾಗುತ್ತದೆ: ಕಣ್ಣು ಮತ್ತು ಹಣೆಗೆ ಒಂದು, ಕೆನ್ನೆಗೆ ಒಂದು, ದವಡೆಗೆ ಒಂದು. ನನ್ನ ನೋವು ಇದ್ದದ್ದು ಕೆಳಗಿನ ಎರಡರಲ್ಲಿ. ಆದರೆ ಕಿರಣ ಬಿಡುವುದು ಕವಲೊಡೆಯುವ ಮುಂಚೆ, ಬುಡಕ್ಕೆ. ಹಾಗಾಗಿ ನೋವೇ ಇಲ್ಲದಿದ್ದ ಕಣ್ಣಿನ ಕವಲಿಗೂ ಪೆಟ್ಟು ಬೀಳಬಹುದು. ಸ್ಪರ್ಶ ಸತ್ತ ಕಣ್ಣು ಸರಿಯಾಗಿ ಮಿಟುಕುವುದಿಲ್ಲ, ಬೇಗ ಒಣಗುತ್ತದೆ, ಗಾಯವಾದರೆ ಬೇಗ ಮಾಯುವುದೂ ಇಲ್ಲ. ಇಷ್ಟೊಂದು ಪೆಟ್ಟು ಎಲ್ಲರಿಗೂ ಆಗುವುದಿಲ್ಲ ಅಂದರು. ಆದರೆ ಆದಾಗ ತಡವಾಗಿಯೇ ಆಗುತ್ತದೆ. ಚಾಕುವಿನ ಗಾಯ ಅವತ್ತೇ ಕಾಣುತ್ತದೆ. ವಿಕಿರಣದ ಕೆಲಸ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಒಳಗೇ ನಡೆಯುತ್ತಿರುತ್ತದೆ.

ನಾಲ್ಕು ತಿಂಗಳು ಹನಿ, ಮುಲಾಮು, ರಾತ್ರಿ ರೆಪ್ಪೆಗೆ ಟೇಪು. ಹುಣ್ಣು ಮಾಗಿತು, ಕಲೆ ಉಳಿಯಿತು. ಬಲಗಣ್ಣಿನಲ್ಲಿ ಓದಲು ಆಗುವುದಿಲ್ಲ. ನೂಲಿನ ಎಳೆ ಹಿಡಿಯುವ ಕೆಲಸ ಈಗ ಸೊಸೆಯದು.

ಗಾಮಾ ನೈಫ್ ಮಾಡಿದ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದವನ್ನು ಮತ್ತೆ ತೆಗೆದು ಓದಿದೆ. "ಮುಖದಲ್ಲಿ ಮರಗಟ್ಟುವಿಕೆ ಬರಬಹುದು" ಅಂತ ಇಂಗ್ಲಿಷಿನಲ್ಲಿ ಒಂದು ಸಾಲಿದೆ. ಕಣ್ಣಿನ ಮಾತೇ ಇಲ್ಲ. ಇದು ನನಗೆ ಸಿಟ್ಟು ತರಿಸುತ್ತದೆ. ಕಣ್ಣು ಉರಿಯದಿದ್ದರೆ ಬನ್ನಿ ಅಂತ ಕನ್ನಡದಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು, ಅಲ್ವಾ?

ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬರು ಸಿಕ್ಕಿದ್ದರು. ಪಾರ್ಶ್ವವಾಯು ಆದ ಮೇಲೆ ಅವರ ಅರ್ಧ ಮೈಯಲ್ಲಿ ತಡೆಯಲಾಗದ ಉರಿ. ಅದಕ್ಕೆ ಅವರಿಗೆ ಕಿರಣ ಬಿಟ್ಟದ್ದು ಮಿದುಳಿನ ಆಳದಲ್ಲಿರುವ ಥಾಲಮಸ್‌ಗೆ. ಅಲ್ಲಿ ನನ್ನದಕ್ಕಿಂತ ಡೋಸ್ ಬಹಳ ಜಾಸ್ತಿ ಬೇಕು. ತಿಂಗಳುಗಳ ಮೇಲೆ ಆ ಜಾಗದ ಸುತ್ತ ಮಿದುಳು ಬಾತು, ಕೈ ಸೋತು, ಮಾತು ತೊದಲಿತಂತೆ. ಸ್ಟಿರಾಯ್ಡ್ ಕೊಟ್ಟ ಮೇಲೆ ಸುಧಾರಿಸಿತು. ಮನೆಯವರು ಮೊದಲು ಇನ್ನೊಂದು ಸ್ಟ್ರೋಕ್ ಅಂದುಕೊಂಡಿದ್ದರಂತೆ. ಹಳೆಯ ಕಿರಣದ ವಿಷಯ ಯಾರಿಗೂ ನೆನಪಾಗಿರಲಿಲ್ಲ. ಅದಕ್ಕೇ ನನ್ನ ಪರ್ಸಿನಲ್ಲಿ ಒಂದು ಚೀಟಿ ಇದೆ: ಗಾಮಾ ನೈಫ್, ಬಲ ಟ್ರೈಜೆಮಿನಲ್ ನರ, 80 ಗ್ರೇ, ಜುಲೈ 2019. ಜ್ವರಕ್ಕೆ ಹೋದರೂ ತೋರಿಸುತ್ತೇನೆ.

ಇದನ್ನು ಓದಿ ಯಾರೂ ಚಿಕಿತ್ಸೆ ಬೇಡ ಅನ್ನಬೇಡಿ. ಆ ಕರೆಂಟ್ ವಾಪಸ್ ಬರುತ್ತದೆ ಅಂದರೆ ನಾನು ಮತ್ತೆ ಹೋಗಿ ಮಲಗುತ್ತೇನೆ. ಆದರೆ ಈ ಸಲ ಮೊದಲ ದಿನವೇ ಕಣ್ಣಿನ ಡಾಕ್ಟರನ್ನೂ ನೋಡುತ್ತೇನೆ.

ಈಗ ಬೆಳಿಗ್ಗೆ ಎದ್ದ ತಕ್ಷಣ ಕಿಟಕಿಯ ಬೆಳಕಿನಲ್ಲಿ ಕನ್ನಡಿ ಹಿಡಿದು ಬಲಗಣ್ಣು ನೋಡುತ್ತೇನೆ. ಬಿಸಿ ಕಾಫಿಯನ್ನು ಎಡಗಡೆಯಿಂದ ಕುಡಿಯುತ್ತೇನೆ. ಶೆಡ್ಡಿಗೆ ಹೋದರೆ ಸುತ್ತ ಮುಚ್ಚುವ ಕನ್ನಡಕ. "ನೋವಿದೆಯಾ?" ಅಂತ ಯಾರಾದರೂ ಕೇಳಿದರೆ ಬಿಡಿಸಿ ಬಿಡಿಸಿ ಹೇಳುತ್ತೇನೆ: ಕರೆಂಟ್ ಇಲ್ಲ, ತುಟಿ ಜೋಮು, ಕೆನ್ನೆ ಮರದ ಹಾಗೆ, ಸಂಜೆ ಹೊತ್ತು ಇರುವೆ ಹರಿದಂತೆ ಚುರುಚುರು. ಆ ಚುರುಚುರು ಹೊಸದು. ಸತ್ತ ಜಾಗದಲ್ಲೇ ಉರಿ ಹುಟ್ಟುವುದೂ ಉಂಟಂತೆ, ಅದಕ್ಕೆ ಬೇರೆ ಮಾತ್ರೆ ಶುರುಮಾಡಿದ್ದಾರೆ.

ಹೋದ ತಿಂಗಳು ಹತ್ತಿಯ ಎಳೆ ಮುಟ್ಟಿಸಿದಾಗ ಮೂಗಿನ ಕಡೆಯ ಮೂಲೆಯಲ್ಲಿ ಏನೋ ಸೋಕಿದ ಹಾಗಾಯಿತು. ಡಾಕ್ಟರು ಇನ್ನೊಮ್ಮೆ ಮುಟ್ಟಿಸಿದರು. "ಈಗ?" ಅಂದರು. ಸ್ವಲ್ಪ ಗೊತ್ತಾಯಿತು ಅಂದೆ.