ಅವ್ವನ ಹೆಸರು ಕರೆದ ದಿನ

ನಮ್ಮ ಗ್ರಂಥಾಲಯದಲ್ಲಿ ಇರೋದು 11 ಕುರ್ಚಿ. ಹೋದ ವರ್ಷ ಮೊದಲ ಮಾತುಕತೆಗೆ ಬಂದವರು 30ರ ಮೇಲೆ. ಹಾಗಾಗಿ ಕುರ್ಚಿಗಳನ್ನೆಲ್ಲ ಹೊರಗಿಟ್ಟು ಜಮಖಾನ ಹಾಸಿದೆವು.

ನಾನು ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಊರಿನ ಇತಿಹಾಸ, ಪ್ರಜಾಪ್ರಭುತ್ವದ ಬಗ್ಗೆ ಜನ ಕೂತು ಮಾತಾಡಲಿ ಅಂತ ಒಂದು ಸಂಸ್ಥೆ ಸಣ್ಣ ಅನುದಾನ ಕೊಡುತ್ತದೆ ಎಂದು ತಿಳಿದು ಅರ್ಜಿ ಹಾಕಿದ್ದೆ. 25,000 ರೂಪಾಯಿ ಮಂಜೂರಾಯಿತು. ವೇದಿಕೆ ಕಾರ್ಯಕ್ರಮ ಮಾಡಿದ್ದರೆ ಶಾಮಿಯಾನ, ಫ್ಲೆಕ್ಸ್, ಹಾರ, ಶಾಲಿಗೇ ಅಷ್ಟೂ ಹೋಗುತ್ತಿತ್ತು. ನಾವು ಅದರಲ್ಲಿ ನಾಲ್ಕು ಸಲ ಕೂಡಿದೆವು.

ಮೊದಲ ಸಲ ಶಾಲೆ ಹುಡುಗರಿಂದ ಒಂದೇ ಪ್ರಶ್ನೆ ಕೇಳಿಸಿದೆ. 1947ರ ಆಗಸ್ಟ್ 15ಕ್ಕೆ ನಮ್ಮೂರಲ್ಲಿ ಏನಾಯ್ತು? 90ರ ಹತ್ತಿರದ ಅಜ್ಜ ಒಬ್ಬರು, "ಏನೂ ಆಗಲಿಲ್ಲಪಾ. ನಾವು ನಿಜಾಮರ ಮಂದಿ ಆಗ" ಅಂದರು. ಹುಡುಗರು ಮುಖ ಮುಖ ನೋಡಿಕೊಂಡರು. ನಮ್ಮೂರು ಆಗ ಸೇರಿದ್ದ ನಿಜಾಮರ ಹೈದರಾಬಾದ್ ಸಂಸ್ಥಾನದೊಳಗೆ ಭಾರತದ ಸೇನೆ ಬಂದದ್ದು 1948ರ ಸೆಪ್ಟೆಂಬರ್ 13ಕ್ಕೆ. 17ಕ್ಕೆ ನಿಜಾಮ ಶರಣಾದ. ನಮ್ಮ ಹಿರಿಯರು ಇವತ್ತಿಗೂ ಅದನ್ನು 'ಪೊಲೀಸ್ ಆಕ್ಷನ್' ಅಂತಲೇ ಕರೆಯುತ್ತಾರೆ. ಅಜ್ಜ ಆಮೇಲೆ ದುಡ್ಡಿನ ಮಾತಿಗೆ ಬಂದರು. ಇಲ್ಲಿ ನಡೆಯುತ್ತಿದ್ದದ್ದು ನಿಜಾಮರ ಹಾಲಿ ಸಿಕ್ಕಾ. ಸೊಲ್ಲಾಪುರಕ್ಕೆ ಹೋದರೆ ಕಲ್ದಾರ್ ಬೇಕು, ಅಂದರೆ ಬ್ರಿಟಿಷರ ರೂಪಾಯಿ. 7 ಹಾಲಿಗೆ 6 ಕಲ್ದಾರ್. ಎಂಟನೇ ಕ್ಲಾಸಿನ ಇಬ್ಬರು ಅಲ್ಲೇ ನೋಟ್‌ಬುಕ್ ತೆಗೆದು ಲೆಕ್ಕ ಹಾಕಲು ಕೂತರು.

ಎರಡನೇ ಸಲ ಅದೇ ಅಜ್ಜ ಒಂದು ತಗಡಿನ ಡಬ್ಬಿ ತಂದರು. ಒಳಗೆ ಮಡಚಿದ ಜಾಗದಲ್ಲೆಲ್ಲ ಹರಿದ ಮೂರು ಕಾಗದ. ಎಲ್ಲ ಉರ್ದು. ನಿಜಾಮರ ಕಾಲದಲ್ಲಿ ಸರ್ಕಾರದ ಕಾಗದ ಪತ್ರ ಉರ್ದುವಿನಲ್ಲೇ ಇರುತ್ತಿದ್ದವು, ಅಲ್ವಾ. ಅವರ ಮನೆಯಲ್ಲಿ ಈಗ ಅದನ್ನು ಓದುವವರು ಯಾರೂ ಇಲ್ಲ. ಬಾಗಿಲ ಹತ್ತಿರ ಕೂತಿದ್ದ ನಿವೃತ್ತ ಉರ್ದು ಮಾಸ್ತರ್ ಮುಂದೆ ಬಂದು, ಕನ್ನಡಕ ಹಾಕಿಕೊಂಡು, ಒಂದು ಕಾಗದವನ್ನು ಬೆಳಕಿಗೆ ಹಿಡಿದರು. ಅಜ್ಜನ ತಂದೆ ಭೂಕಂದಾಯ ಕಟ್ಟಿದ ರಸೀದಿ ಅದು. ಒಂದೊಂದು ಸಾಲನ್ನೂ ಮೊದಲು ಉರ್ದುವಿನಲ್ಲಿ ಓದಿ, ಆಮೇಲೆ ಕನ್ನಡದಲ್ಲಿ ಹೇಳಿದರು. ತಂದೆಯ ಹೆಸರು ಬಂದಾಗ ಅಜ್ಜ, "ಇನ್ನೊಮ್ಮೆ ಓದ್ರಿ ಮಾಸ್ತರ್" ಅಂದರು. ಅವರು ಓದಿದರು. ಆ ಒಂದು ಕಾಗದಕ್ಕೇ ಮುಕ್ಕಾಲು ತಾಸು ಹಿಡಿಯಿತು.

ಆ ದಿನ ಹಾಗೆ ಆಗದೇ ಹೋಗಿದ್ದರೆ ಮೂರನೇ ಕೂಟ ನಡೆಯುತ್ತಲೇ ಇರಲಿಲ್ಲ ಅನ್ಸುತ್ತೆ. ನಿಜಾಮರ ಪರ ನಿಂತಿದ್ದ ಖಾಸಗಿ ಪಡೆ ರಜಾಕಾರರ ಹಾವಳಿಯ ಮಾತು ಎಲ್ಲರ ಬಾಯಲ್ಲೂ ಇದೆ. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ 1948ರಲ್ಲಿ ನಡೆದ ಹತ್ಯೆಯನ್ನು ಇಲ್ಲಿ ಯಾರೂ ಮರೆತಿಲ್ಲ. ಆದರೆ ಪೊಲೀಸ್ ಆಕ್ಷನ್ ಆದಮೇಲೆ ಮುಸ್ಲಿಮರ ಮೇಲೆ ನಡೆದ ಕೊಲೆ, ಲೂಟಿಯ ಬಗ್ಗೆ ಬಾಯಿ ಬಿಡುವವರು ಕಡಿಮೆ. ಅದನ್ನು ನೋಡಿ ಬರಲು ಕೇಂದ್ರ ಸರ್ಕಾರ ಕಳಿಸಿದ್ದ ಪಂಡಿತ್ ಸುಂದರಲಾಲ್ ಅವರ ತಂಡ, ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾ (ಈಗಿನ ನಮ್ಮ ಕಲಬುರಗಿ), ಬೀದರ್ ಎರಡನ್ನೂ ಹೆಸರಿಸಿತ್ತು. ಮೂರನೇ ಸಲ ಒಬ್ಬ ತಾಯಿ ತಮ್ಮ ಅತ್ತೆಯ ಕಥೆ ಹೇಳಿದರು. ಪಕ್ಕದ ಮನೆಯವರು ಅವರನ್ನು ಮೂರು ದಿನ ಜೋಳದ ಚೀಲಗಳ ಹಿಂದೆ ಬಚ್ಚಿಟ್ಟಿದ್ದರಂತೆ. ಆ ಪಕ್ಕದ ಮನೆಯ ಮೊಮ್ಮಗ ಅಲ್ಲೇ ಕೂತಿದ್ದ. ಅವನಿಗೆ ಇದು ಗೊತ್ತೇ ಇರಲಿಲ್ಲ. ಇಂಥ ಮಾತು ಮೈಕಿನ ಮುಂದೆ ಬರಲ್ಲ. ಮೊದಲ ದಿನವೂ ಬರಲ್ಲ.

ಅದಕ್ಕೇ ಸಣ್ಣ ದುಡ್ಡು ಕೊಡುವವರಲ್ಲಿ ನನ್ನದೊಂದು ಕೇಳಿಕೆ. ಹತ್ತು ಊರಿಗೆ ಒಂದೊಂದು ಸಲ ಕೊಡುವ ಬದಲು, ಎರಡು ಮೂರು ಊರಿಗೆ ನಾಲ್ಕು ನಾಲ್ಕು ಸಲ ಕೊಡಿ. ಇನ್ನೊಂದು, ಬಿಲ್ಲಿನ ವಿಷಯ. ನಮ್ಮ ಖರ್ಚಿನಲ್ಲಿ 7,200 ಚಹಾ ಸುಸಲಾಕ್ಕೆ ಹೋಯಿತು. 5,600 ಟಂಟಂ (ಮೂರು ಗಾಲಿಯ ಗಾಡಿ) ಬಾಡಿಗೆ, ನಡೆಯಲಾಗದ ಹಿರಿಯರನ್ನು ಮನೆಯಿಂದ ಕರೆತಂದು ಬಿಡೋದಕ್ಕೆ. ಎರಡಕ್ಕೂ ಜಿಎಸ್‌ಟಿ ನಂಬರ್ ಇರುವ ಅಚ್ಚು ಹಾಕಿದ ಬಿಲ್ ಬೇಕು ಅಂದರು. ಹಳ್ಳಿಯ ಚಹಾದಂಗಡಿಯಲ್ಲಿ ಅದು ಎಲ್ಲಿಂದ ಬರಬೇಕು? ಎರಡನೇ ಕಂತು ಎರಡು ತಿಂಗಳು ನಿಂತಿತು. ನನ್ನ ಕೈಯಿಂದಲೇ ಹಾಕಿದೆ. ಕೊನೆಗೆ ಸಹಿ ಮಾಡಿದ ವೋಚರ್ ಒಪ್ಪಿಕೊಂಡರು. ಅದನ್ನು ಮೊದಲೇ ಒಪ್ಪಿದರೆ ನಮ್ಮಂಥವರಿಗೆ ಧೈರ್ಯ ಬರುತ್ತೆ. ಟಂಟಂ ಬಾಡಿಗೆಯನ್ನಂತೂ ಯಾರೂ ಕತ್ತರಿಸಬೇಡಿ. ಅದಿಲ್ಲದೆ ಹೋಗಿದ್ದರೆ ನಾಲ್ಕನೇ ದಿನ ಒಬ್ಬ ಅಜ್ಜಿ ಬರುತ್ತಲೇ ಇರಲಿಲ್ಲ.

ಆ ದಿನದ ಮಾತು ಮೊದಲ ಚುನಾವಣೆಯ ಬಗ್ಗೆ. ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಗುರುತು. ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಬೇಕು. ನಿಜಾಮರ ರಾಜ್ಯ ಹೋಗಿ ನಾಲ್ಕು ವರ್ಷವೂ ತುಂಬಿರಲಿಲ್ಲ. ಅಜ್ಜಿ ಆಗ ಸಣ್ಣ ಹುಡುಗಿ, ಅವ್ವನ ಸೆರಗು ಹಿಡಿದು ಹೋಗಿದ್ದರು. "ಗೌಡರ ಮನಿಯವರೂ ಸಾಲಿನಾಗ ನಿಂತಿದ್ರು, ನಮ್ಮವ್ವನೂ ಅದೇ ಸಾಲಿನಾಗ. ಪಟ್ಟಿ ಹಿಡಿದವ ನಮ್ಮವ್ವನ ಹೆಸರು ಕರೆದ. ನಮ್ಮವ್ವ ಓಗೊಡಲೇ ಇಲ್ಲ. ಯಾರನ್ನೋ ಕರೀಲಿಕತ್ತಾನ ಅಂತ ಸುಮ್ನೆ ನಿಂತಳು. ಊರಾಗ ಎಲ್ಲರೂ ಆಕೀನ ನಮ್ಮಣ್ಣನ ಅವ್ವ ಅಂತಿದ್ರು, ಇಲ್ಲಾ ನಮ್ಮಪ್ಪನ ಹೆಂಡ್ತಿ ಅಂತಿದ್ರು. ಮಂದಿ ಎದುರು ಆಕೀ ಹೆಸರು ಹಿಡಿದು ಕರೆದದ್ದು ಅದೇ ಮೊದಲು ನೋಡವ್ವಾ." ಮೂರನೇ ಸಲ ಕರೆದಾಗ ಅವ್ವ ಕೈ ಎತ್ತಿದರಂತೆ. ಅಜ್ಜಿ ಹೇಳುವಾಗ ತಮ್ಮ ಕೈಯನ್ನೂ ಮೇಲೆತ್ತಿದ್ದರು. ಬಳೆ ಮೊಣಕೈವರೆಗೆ ಜಾರಿತ್ತು. ನನಗೆ ಅಳು ತಡೆಯಲಾಗಲಿಲ್ಲ.

ಎಲ್ಲ ಖರ್ಚು ಕಳೆದು 300 ರೂಪಾಯಿ ಉಳಿದಿತ್ತು, ವಾಪಸ್ ಕಟ್ಟಿದೆ. ಈ ವರ್ಷವೂ ಅರ್ಜಿ ಹಾಕಿದ್ದೇನೆ, ಅಷ್ಟೇ ಮೊತ್ತಕ್ಕೆ. ತೊಗರಿ ರಾಶಿ ಮುಗಿದ ಮೇಲೆ ಕೂಡುತ್ತೇವೆ. ಅಜ್ಜನ ಡಬ್ಬಿಯಲ್ಲಿ ಇನ್ನೂ ಎರಡು ಕಾಗದ ಓದುವುದು ಬಾಕಿ ಇದೆ.