ಕಲ್ಲು ನೀರಿನಲ್ಲಿ ತೇಲುತ್ತದೆಯೇ?

ಅಪ್ಪಯ್ಯನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಮರುದಿನ ನೋಡಲು ಬಂದ ಬಂಧುವೊಬ್ಬರು, ಚಹಾದ ಲೋಟ ಕೆಳಗಿಡುವ ಮೊದಲೇ, "ಐಸಿಯುನಲ್ಲಿ ಏನೇನೋ ಮಾತಾಡಿದ್ರಂತೆ, ಅರಳುಮರಳು ಶುರುವಾಯ್ತೋ ಏನೋ" ಎಂದು ಅವರ ಎದುರಿಗೇ ಹೇಳಿದರು. ಅವರು ಕೆಟ್ಟವರಲ್ಲ, ಯಾರ ಮನೆಯಲ್ಲಿ ಕಾಯಿಲೆಯಾದರೂ ಮೊದಲು ಓಡಿಬರುವವರು ಅವರೇ, ರೋಗಿಯ ಎದುರು ಕುಳಿತು ರೋಗಿಯ ಭವಿಷ್ಯ ನುಡಿದು ಹೋಗುವವರೂ ಅವರೇ. ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಲೇ ಆಯುಷ್ಯ ಕಳೆದ, ಎದುರಾಳಿಯ ಯಾವ ಮಾತನ್ನೂ ಉತ್ತರವಿಲ್ಲದೆ ಬಿಟ್ಟವರಲ್ಲದ ಅಪ್ಪಯ್ಯ ಆಗ ಏನೂ ಹೇಳದೆ ಕುಳಿತಿದ್ದರು. ಈ ವಾರವಿಡೀ ನನ್ನನ್ನು ಕಾಡಿದ್ದು ಆ ಮಾತಿಗಿಂತ ಹೆಚ್ಚಾಗಿ ಅವರ ಆ ಸುಮ್ಮನಿರುವಿಕೆ.

ಕರುಳಿನ ತುರ್ತು ಶಸ್ತ್ರಚಿಕಿತ್ಸೆಗಾಗಿ ಅವರನ್ನು ಮಂಗಳೂರಿಗೆ ಒಯ್ದಿದ್ದೆವು. ಉತ್ತರ ಕನ್ನಡದವರಿಗೆ ದೊಡ್ಡ ಕಾಯಿಲೆ ಎಂದರೆ ಮೊದಲು ಹೆದ್ದಾರಿಯ ಪ್ರಯಾಣ, ಆಮೇಲೆ ಚಿಕಿತ್ಸೆ. ಆ ದೂರನ್ನು ಇನ್ನೊಮ್ಮೆ ಬರೆಯುತ್ತೇನೆ. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಐಸಿಯುವಿನ ನಿಯಮದಂತೆ ಅವರ ಕನ್ನಡಕ, ಶ್ರವಣಯಂತ್ರ, ಹಲ್ಲಿನ ಸೆಟ್ಟು ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನಮ್ಮ ಕೈಗೆ ಕೊಟ್ಟರು. ಸಂಜೆ ಐದು ನಿಮಿಷ ನೋಡಲು ಬಿಡುತ್ತಿದ್ದರು, ಉಳಿದ ಹೊತ್ತೆಲ್ಲ ಹೊರಗಿನ ಕುರ್ಚಿ. ಮೊದಮೊದಲು ಸರಿಯಾಗಿಯೇ ಮಾತನಾಡಿದ್ದ ಅವರು, ಒಂದು ರಾತ್ರಿ ಮೂಗಿನ ನಳಿಗೆಯನ್ನು ಕಿತ್ತೆಸೆದು, ಎದ್ದು ಹೋಗಲು ಹವಣಿಸಿದರಂತೆ. ಹನ್ನೊಂದೂವರೆಯ ಹೊತ್ತಿಗೆ ಒಳಗಿನಿಂದ ಕರೆ ಬಂದಾಗ ನಾನು ಕಂಡದ್ದು, ಮಂಚದ ಸರಳಿಗೆ ಬ್ಯಾಂಡೇಜ್ ಬಟ್ಟೆಯಿಂದ ಕಟ್ಟಿದ ಅಪ್ಪಯ್ಯನ ಎರಡೂ ಕೈಗಳನ್ನು.

ಆ ರಾತ್ರಿಯ ಕರ್ತವ್ಯದಲ್ಲಿದ್ದ ಕಿರಿಯ ವೈದ್ಯೆಯ ಬಗ್ಗೆ ನನಗೆ ಗೌರವವಿದೆ, ಏಕೆಂದರೆ ಅವರು ನಿದ್ರೆಯ ಇಂಜೆಕ್ಷನ್ನಿಗೆ ಕೈಹಾಕುವ ಮೊದಲು ಮಂಚದ ಪಕ್ಕ ಬಗ್ಗಿ ನಿಂತು ಪ್ರಶ್ನೆ ಕೇಳಿದರು. ಇಂಗ್ಲಿಷಿನ 10 ಅಕ್ಷರಗಳನ್ನು ನಿಧಾನವಾಗಿ ಹೇಳುತ್ತೇನೆ, 'ಎ' ಎಂದಾಗ ಮಾತ್ರ ನನ್ನ ಕೈ ಒತ್ತಿ ಎಂದರು. ಅಪ್ಪಯ್ಯ ಮೊದಲ ಅಕ್ಷರಕ್ಕೇ ಒತ್ತಿ ಹಿಡಿದವರು ಕೊನೆಯವರೆಗೂ ಬಿಡಲಿಲ್ಲ. ಅನಂತರ ಅವರು ಕೇಳಿದರು: "ಅಜ್ಜಾ, ಕಲ್ಲು ನೀರಲ್ಲಿ ತೇಲ್ತದಾ?"

ಅಪ್ಪಯ್ಯ ಸ್ವಲ್ಪ ಹೊತ್ತು ಅವರ ಮುಖವನ್ನೇ ನೋಡಿ, "ಯಾರು ಹಾಕಿದ ಕಲ್ಲು? ನಳ ಮುಟ್ಟಿದ್ದಾದ್ರೆ ತೇಲ್ತದೆ" ಎಂದರು.

ವೈದ್ಯೆ ನನ್ನತ್ತ ತಿರುಗಿದರು. ಸೇತುವೆ ಕಟ್ಟಿದ ಕಪಿವೀರ ನಳನ ಕಥೆಯನ್ನೂ, ಅಪ್ಪಯ್ಯ ಆ ಪ್ರಸಂಗಕ್ಕೆ ಎಷ್ಟೋ ವರ್ಷ ಅರ್ಥ ಹೇಳಿದ್ದನ್ನೂ ಎರಡು ಮಾತಿನಲ್ಲಿ ವಿವರಿಸಿದೆ. ಅವರು ನಕ್ಕರು, ಆದರೆ ಹಾಳೆಯಲ್ಲಿ ಬರೆಯಬೇಕಾದದ್ದನ್ನು ಬರೆದರು.

ಇದು ಅವರ ಸ್ವಂತ ಉಪಾಯವಾಗಿರಲಿಲ್ಲ. ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವೆಸ್ಲಿ ಈಲಿ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ, ಈಗ ಅನೇಕ ದೇಶಗಳ ಐಸಿಯುಗಳಲ್ಲಿ ಬಳಕೆಯಲ್ಲಿರುವ ಕ್ಯಾಮ್-ಐಸಿಯು ಎಂಬ ಪರೀಕ್ಷೆಯದು. ಬಾಯಿಗೆ ನಳಿಗೆ ಹಾಕಿ ಮಾತನಾಡಲಾಗದವರನ್ನೂ ತಲೆಯಾಡಿಸುವಿಕೆಯಿಂದಲೇ ಪರೀಕ್ಷಿಸಲು ಅದರಿಂದ ಸಾಧ್ಯ. ಅದು ಗುರುತಿಸುವುದು ಡೆಲಿರಿಯಂ ಎಂಬ ಸ್ಥಿತಿಯನ್ನು. ಅದು ಗಂಟೆಗಳಲ್ಲಿ ಬರುತ್ತದೆ, ಏರಿಳಿಯುತ್ತದೆ. ವರ್ಷಗಟ್ಟಲೆ ನಿಧಾನವಾಗಿ ಆವರಿಸುವ ಮರೆಗುಳಿತನದಂಥದ್ದಲ್ಲ. ಸೋಂಕು, ಆಮ್ಲಜನಕದ ಕೊರತೆ, ಕೆಲವು ನಿದ್ರಾಜನಕ ಔಷಧಿಗಳು, ನೋವು ಮೊದಲಾದ ಕಾರಣಗಳಿಂದ ಮೂತ್ರಪಿಂಡ ಸೋಲುವಂತೆಯೇ ಮಿದುಳೂ ತಾತ್ಕಾಲಿಕವಾಗಿ ಸೋಲುತ್ತದೆ. ಈಲಿಯವರ ತಂಡವೇ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀವ್ರ ಅಸ್ವಸ್ಥರಾಗಿದ್ದ 821 ಮಂದಿಯ ಪೈಕಿ ಶೇ. 74ರಷ್ಟು ಜನರಿಗೆ ಆಸ್ಪತ್ರೆಯಲ್ಲಿದ್ದಾಗ ಇದು ಕಾಣಿಸಿಕೊಂಡಿತ್ತು. ಗೊಂದಲ ಹೆಚ್ಚು ದಿನ ಮುಂದುವರಿದಷ್ಟೂ ವರ್ಷದ ಬಳಿಕದ ನೆನಪು ಮತ್ತು ವಿವೇಚನೆ ಹೆಚ್ಚು ಕುಂದಿತ್ತು. ಮನೆಗೆ ಬಂದ ಬಂಧುವಿಗೆ ಇದನ್ನೆಲ್ಲ ಹೇಳಿದೆ. ಅವರು ಇನ್ನೊಂದು ಲೋಟ ಚಹಾ ಕೇಳಿದರು.

ಅಪ್ಪಯ್ಯನ ಉತ್ತರದ ಬಗ್ಗೆ ನಾನು ಇನ್ನೂ ತೀರ್ಮಾನಕ್ಕೆ ಬಂದಿಲ್ಲ. ಕಲ್ಲಿನ ಪ್ರಶ್ನೆಗೆ ಅವರು ಕೊಟ್ಟ ಉತ್ತರವನ್ನು ಊರಿನ ಯಾವುದೇ ಕೂಟದಲ್ಲಿ ಕೊಟ್ಟಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಹಾಗೆಂದು ಅವರು ನೆಟ್ಟಗಿದ್ದರು ಎನ್ನಲಾರೆ, ಏಕೆಂದರೆ 10 ಅಕ್ಷರಗಳಷ್ಟು ಹೊತ್ತು ಗಮನ ನಿಲ್ಲಿಸಲು ಅವರಿಂದ ಆಗಿರಲಿಲ್ಲ. ಬಾಲ್ಯದಿಂದ ಕಂಠಸ್ಥವಾದದ್ದು ಉಳಿದಿತ್ತು, ಆ ಕ್ಷಣದ್ದು ಕೈಗೆ ಸಿಗುತ್ತಿರಲಿಲ್ಲ. ಈ ವ್ಯತ್ಯಾಸವನ್ನು ತಿಳಿಸಿ ಹೇಳಲು ಅಲ್ಲಿ ಮನೆಯವರೊಬ್ಬರು ಇರಬೇಕಾಯಿತು, ಆದರೆ ಮನೆಯವರಿಗೆ ಒಳಗೆ ಇದ್ದ ಅವಕಾಶ ಸಂಜೆಯ ಐದು ನಿಮಿಷ.

ಕೈಕಟ್ಟು ಬಿಚ್ಚುವುದಾದರೆ ಯಾರಾದರೂ ಪಕ್ಕದಲ್ಲೇ ಕೂರಬೇಕು ಎಂದು ವೈದ್ಯೆ ಹೇಳಿದ್ದರಿಂದ, ಬೆಳಗಿನವರೆಗೆ ನಾನು ಒಂದು ಸ್ಟೂಲಿನ ಮೇಲೆ ಕುಳಿತು ಅವರಿಗೆ ಕೇಳಿಸುತ್ತಿದ್ದುದನ್ನೆಲ್ಲ ಕೇಳಿಸಿಕೊಂಡೆ. ತಲೆಯ ಮೇಲಿನ ಮಾನಿಟರ್ ಒಂದು ಲಯದಲ್ಲಿ, ಔಷಧಿ ಮುಗಿದ ಪಂಪು ಇನ್ನೊಂದು ಲಯದಲ್ಲಿ, ಪಕ್ಕದ ಮಂಚದ ವೆಂಟಿಲೇಟರ್ ಮೂರನೆಯದರಲ್ಲಿ ಕೂಗುತ್ತಿದ್ದವು. ಕಾಲಿನಿಂದ ತೆರೆಯುವ ಕಸದ ಡಬ್ಬಿಯ ತಗಡಿನ ಮುಚ್ಚಳ ಪ್ರತಿ ಸಲವೂ ಢಣ್ಣೆಂದು ಬೀಳುತ್ತಿತ್ತು. ನರ್ಸುಗಳ ಮೇಜಿನ ಫೋನು ಎರಡು ಗಂಟೆಗೂ ರಿಂಗಾಯಿತು. ಯಾರೋ ಒಬ್ಬರು ರಜೆ ಸಿಗದ ವಿಚಾರವನ್ನು ಹಗಲಿನ ದನಿಯಲ್ಲಿಯೇ ಚರ್ಚಿಸಿದರು. ದೀಪಗಳು ಆರಲಿಲ್ಲ. ನಾಲ್ಕು ಗಂಟೆಗೆ ರಕ್ತ ತೆಗೆಯಲು ಬಂದರು, ಅದು ಮುಗಿಯುವಷ್ಟರಲ್ಲಿ ಮೈ ಒರೆಸಲು, ಅದರ ಹಿಂದೆಯೇ ಎಕ್ಸ್‌ರೇ ಯಂತ್ರವನ್ನು ಗಡಗಡಿಸುತ್ತ ಉರುಳಿಸಿಕೊಂಡು. ಗಡಿಯಾರವೇನೋ ಇತ್ತು, ಆದರೆ ಅದನ್ನು ಸಿಬ್ಬಂದಿಗೆ ಕಾಣುವಂತೆ ರೋಗಿಗಳ ತಲೆಯ ಹಿಂದಿನ ಗೋಡೆಗೆ ತೂಗುಹಾಕಿದ್ದರು.

"ಇದೆಂತ, ಜೋಡಾಟವಾ?" ಎಂದರು ಅಪ್ಪಯ್ಯ ನಡುರಾತ್ರಿಯಲ್ಲಿ. ಎರಡು ಮೇಳಗಳು ಅಕ್ಕಪಕ್ಕದ ರಂಗಸ್ಥಳಗಳಲ್ಲಿ ಪೈಪೋಟಿಯಿಂದ ಆಡುವ ಆಟವನ್ನು ನೋಡಿದವರಿಗೆ ಎರಡು ಮಂಚಗಳ ನಡುವಿನ ಆ ಗದ್ದಲಕ್ಕೆ ಅದಕ್ಕಿಂತ ಸರಿಯಾದ ವಿವರಣೆ ಹೊಳೆಯಲಾರದು. ಸ್ವಲ್ಪ ಹೊತ್ತಿಗೆ, ಭಾಗವತರಿಗೆ ತಾಳ ತಪ್ಪುತ್ತಿದೆ, ಯಾರಾದರೂ ಹೋಗಿ ಹೇಳಿ ಎಂದು ಸಿಡುಕಿದರು. ಶ್ರವಣಯಂತ್ರವಿಲ್ಲದ ಅವರ ಕಿವಿಗೆ ನರ್ಸಿನ ಮಾತು ತಲುಪುತ್ತಿರಲಿಲ್ಲ, ಅಲಾರಂ ಮಾತ್ರ ತಲುಪುತ್ತಿತ್ತು. ಕೇಳಿಸಿದ್ದಕ್ಕೊಂದು ಅರ್ಥ ಹೊಂದಿಸಲು ಮಿದುಳು ಹೆಣಗುತ್ತಿತ್ತು. ಹೊಂದಿಸಲು ಬೇಕಾದ ಉಳಿದ ಸುಳಿವುಗಳೆಲ್ಲ, ಕನ್ನಡಕವೂ ಸೇರಿದಂತೆ, ನನ್ನ ಕೈಯ ಪ್ಲಾಸ್ಟಿಕ್ ಚೀಲದಲ್ಲಿದ್ದವು.

ಆಸ್ಪತ್ರೆಯ ಗೇಟಿನ ಹೊರಗೆ 'ನಿಶ್ಶಬ್ದ ವಲಯ, ಹಾರ್ನ್ ಮಾಡಬೇಡಿ' ಎಂಬ ಫಲಕವಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಅಂಥ ವಲಯದಲ್ಲಿ ರಾತ್ರಿಯ ಮಿತಿ 40 ಡೆಸಿಬಲ್. ಆಸ್ಪತ್ರೆಯ ಕೋಣೆಗಳ ಒಳಗೆ ರಾತ್ರಿ 30 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿತ್ತು. ಜಗತ್ತಿನ ನಾನಾ ಕಡೆ ಅಳೆದಾಗ ಐಸಿಯುಗಳಲ್ಲಿ ಸಾಮಾನ್ಯವಾಗಿ ಸಿಕ್ಕಿರುವುದು 50ರಿಂದ 60, ಕೆಲವೊಮ್ಮೆ ಅದಕ್ಕೂ ಹೆಚ್ಚು. ಹತ್ತು ಡೆಸಿಬಲ್ ಏರಿದರೆ ನಮ್ಮ ಕಿವಿಗೆ ಸದ್ದು ಸುಮಾರು ಇಮ್ಮಡಿಯಾಗಿ ಕೇಳಿಸುತ್ತದೆ ಎಂಬುದನ್ನು ನೆನೆದರೆ ಈ ಅಂತರ ಎಷ್ಟೆಂದು ತಿಳಿಯುತ್ತದೆ. ಬೀದಿಯಲ್ಲಿ ಹಾರ್ನ್ ಮಾಡಿದ ರಿಕ್ಷಾದವನಿಗೆ ದಂಡ ಹಾಕಬಹುದು, ಒಳಗಿನ ಡಬ್ಬಿಯ ಮುಚ್ಚಳಕ್ಕೆ ಯಾರೂ ಹಾಕುವುದಿಲ್ಲ.

ನರ್ಸುಗಳನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೋ ಕೇಂದ್ರದವರು 2014ರಲ್ಲಿ ಪ್ರಕಟಿಸಿದಂತೆ, ಐಸಿಯುಗಳ 77 ಹಾಸಿಗೆಗಳಲ್ಲಿ 31 ದಿನಗಳಲ್ಲಿ ದಾಖಲಾದ ಮಾನಿಟರ್ ಎಚ್ಚರಿಕೆಗಳು 25 ಲಕ್ಷಕ್ಕೂ ಮೇಲೆ. ಅವುಗಳಲ್ಲಿ ಹೃದಯದ ಲಯ ತಪ್ಪಿದೆಯೆಂದು ಕೂಗಿದ 12,671 ಅಲಾರಂಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ ಸುಮಾರು ಶೇ. 89 ಸುಳ್ಳು. ಹೀಗಿರುವಾಗ ಕೇಳಿ ಕೇಳಿ ಕಿವಿ ಜಡ್ಡುಗಟ್ಟದ ನರ್ಸನ್ನು ಎಲ್ಲಿ ಹುಡುಕುವುದು? ಆ ರಾತ್ರಿಯ ಕೇರಳದ ಹುಡುಗಿ ಒಬ್ಬಳೇ ಎರಡು ವೆಂಟಿಲೇಟರ್ ರೋಗಿಗಳನ್ನು ನೋಡಿಕೊಳ್ಳುತ್ತಿದ್ದಳು. ಪ್ರತಿ ರೋಗಿಗೆ ತಕ್ಕಂತೆ ಅಲಾರಂ ಮಿತಿಗಳನ್ನು ಹೊಂದಿಸುವುದು, ನಾಲ್ಕು ಗಂಟೆಯ ಕೆಲಸಗಳನ್ನು ಒಂದೇ ಸಲಕ್ಕೆ ಸೇರಿಸುವುದು, ಮೈ ಒರೆಸುವುದನ್ನು ಬೆಳಗಾದ ಮೇಲೆ ಇಟ್ಟುಕೊಳ್ಳುವುದು ಆಡಳಿತದವರು ಕುಳಿತು ನಿರ್ಧರಿಸಬೇಕಾದ ಸಂಗತಿಗಳು. ನಾನು ಮಾತನಾಡಿಸಿದ ಮ್ಯಾನೇಜರ್, ಅತ್ಯಂತ ನಯವಾಗಿ, ಸಲಹಾ ಪೆಟ್ಟಿಗೆಯತ್ತ ಕೈ ತೋರಿಸಿದರು.

ವೈದ್ಯೆ ಮಾತ್ರ ತಮ್ಮ ಕೈಯಲ್ಲಾದದ್ದನ್ನು ಮಾಡಿದರು. ಹಗಲಿನಲ್ಲಿ ಕನ್ನಡಕ ಮತ್ತು ಶ್ರವಣಯಂತ್ರ ಹಾಕಲು ಒಪ್ಪಿದರು, ಮಂಚವನ್ನು ಕಿಟಕಿಯ ಕಡೆಗೆ ಸರಿಸಿದರು, ರಾತ್ರಿ ಕಿವಿಗೆ ಫೋಮಿನ ಇಯರ್‌ಪ್ಲಗ್ ಹಾಕಿಸಿದರು. ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ 136 ರೋಗಿಗಳಲ್ಲಿ ರಾತ್ರಿಯ ಇಯರ್‌ಪ್ಲಗ್ ಒಂದನ್ನೇ ಪರೀಕ್ಷಿಸಿ ನೋಡಿ, ಗೊಂದಲ ಕಡಿಮೆಯಾದದ್ದನ್ನು 2012ರಲ್ಲಿ ವರದಿ ಮಾಡಿದ್ದಾರೆ ಎಂದು ಹೇಳಿದವರೂ ಅವರೇ. ಅಪ್ಪಯ್ಯ ಸುಧಾರಿಸಿದ್ದು ಅದರಿಂದಲೋ, ಸೋಂಕು ಇಳಿದದ್ದರಿಂದಲೋ, ಎರಡರಿಂದಲೋ ಎಂದು ಒಬ್ಬ ರೋಗಿಯನ್ನು ನೋಡಿ ಹೇಳಲಾಗದು. ವಾರ್ಡಿಗೆ ಬರುವ ಹೊತ್ತಿಗೆ 'ಎ' ಎಂದಾಗ ಮಾತ್ರ ಕೈ ಒತ್ತುತ್ತಿದ್ದರು.

ಪಕ್ಕದ ಮಂಚದವರು ಈಗ ಹೇಗಿದ್ದಾರೋ. ನಡುವಯಸ್ಸಿನ ಅವರು ವೆಂಟಿಲೇಟರ್ ತೆಗೆದ ಮೇಲೂ ಮಾತಿಲ್ಲದೆ, ಕಣ್ಣು ಅರೆತೆರೆದು, ಮಾಡನ್ನು ನೋಡುತ್ತ ಮಲಗಿರುತ್ತಿದ್ದರು. ಎಲ್ಲರೂ ಅವರನ್ನು 'ಒಳ್ಳೆ ಪೇಶಂಟ್' ಎನ್ನುತ್ತಿದ್ದರು. ಗಲಾಟೆ ಮಾಡುವ ಗೊಂದಲಕ್ಕಿಂತ ಹೀಗೆ ಮಂಕಾಗಿ ಮಲಗಿಸುವ ಗೊಂದಲವೇ ಹೆಚ್ಚು ಸಾಮಾನ್ಯ, ಕಣ್ತಪ್ಪಿ ಹೋಗುವುದೂ ಅದೇ ಎಂದು ವೈದ್ಯೆ ಹೇಳಿದ್ದರು. ಹೊರಗಿನ ಕುರ್ಚಿಯಲ್ಲಿ ಕುಳಿತಿರುತ್ತಿದ್ದ ಅವರ ಹೆಂಡತಿಗೆ, ನಾಳೆ ರೌಂಡ್ಸಿಗೆ ಬಂದವರ ಹತ್ತಿರ ನಿಮ್ಮವರನ್ನೂ ಆ ಪ್ರಶ್ನೆಗಳನ್ನು ಕೇಳಿ ನೋಡಲು ಹೇಳಿ, ಕನ್ನಡಕ ಇದ್ದರೆ ಕೊಡಿ ಎಂದೆ. "ಕೇಳಿದ್ರೆ ಬೈತಾರೇನೋ" ಎಂದರು ಆಕೆ. ಬೈದರೆ ಬೈಯಲಿ, ಕೇಳಿಯೇ ಕೇಳಿ ಎಂದು ಹೇಳಿ ಬಂದಿದ್ದೇನೆ.